ಗಾದೆ ಸಿಂಪಡಣೆ: ಯಾರ ತೋಟಕ್ಕೆ?



ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ನಾವು ಕೊಳೆರೋಗದ ಬಗ್ಗೆಯೋ ಸಾಲ ವಸೂಲಾತಿಯ ಬಗ್ಗೆಯೋ ಬರೆದುಕೊಡುವೆವೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಆ ಎರಡು ವಿಷಯಗಳ ಮೇಲೆ ನಾವು ಈ ಹಿಂದೆಯೇ ಬೇಕಾದಷ್ಟು ಬರೆದಿದ್ದೇವೆ. ಕೊಳೆಯೂ ಹೋಗಿಲ್ಲ, ಬಾಕಿಯೂ ಹೋಗಿಲ್ಲ. ಆದುದರಿಂದ ಈ ಬಾರಿ ಯಾರಿಗೂ ಖರ್ಚಿಲ್ಲದ ಒಂದು ಬೆಳೆಯ ಬಗ್ಗೆ ಬರೆಯೋಣವೆಂದು ನಿಶ್ಚಯಿಸಿದೆವು. ಅದೇ ಗಾದೆ.

ಮಲೆನಾಡಿನಲ್ಲಿ ಗಾದೆಗೆ ಎಂದೂ ಬರ ಬಂದದ್ದಿಲ್ಲ. ಮದುವೆ ಚಪ್ಪರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಂಘದ ಜಗುಲಿಯ ಮೇಲೆ ಟೆಂಡರ್ ತೆರೆಯುವುದನ್ನು ಕಾಯುತ್ತ ಕುಳಿತವರ ಬಾಯಲ್ಲಿ ಅದು ವರ್ಷವಿಡೀ ಫಸಲು ಕೊಡುತ್ತಲೇ ಇರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟನ್ನು ತಿರುವಿ ನೋಡಿದವರಿಗೆ ಗೊತ್ತು. ಜರ್ಮನಿಯಿಂದ ಬಂದ ಆ ಪಾದ್ರಿಗಳು ಕನ್ನಡ ಪದದ ಅರ್ಥ ಹೇಳುವಲ್ಲಿ ಎಷ್ಟೋ ಕಡೆ ಗಾದೆಯನ್ನೇ ಸಾಕ್ಷಿಗೆ ನಿಲ್ಲಿಸಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹಿರಿಯರು ಹೇಳಿದರು. ಗಾದೆಯ ಪರವಾಗಿ ಗಾದೆಯೇ ಕೊಟ್ಟ ಈ ಸರ್ಟಿಫಿಕೇಟನ್ನು ಇಲ್ಲಿಯವರೆಗೆ ಯಾರೂ ಪ್ರಶ್ನಿಸಿಲ್ಲ. ಆದರೆ ಮೊಬೈಲು, ಕಂತಿನ ಸಾಲ, ತೇವಾಂಶ ಅಳೆಯುವ ಯಂತ್ರ ಇವೆಲ್ಲ ಬಂದಿರುವ ಈ ಕಾಲದಲ್ಲಿ ಅವುಗಳ ಗತಿ ಏನಾಗಿದೆ ಎಂದು ನಮ್ಮ ನಮ್ಮ ತೋಟದಲ್ಲಿಯೇ ಒಂದಷ್ಟು ಪರೀಕ್ಷಿಸಿ ನೋಡೋಣ.

ಮಳೆ, ಮಗ ಮತ್ತು ಮೊಸರು

ಮೊದಲನೆಯದಾಗಿ, “ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ.” ಈ ಗಾದೆಯನ್ನು ಮಾಡಿದ ಪುಣ್ಯಾತ್ಮ ಬಯಲುಸೀಮೆಯವನಾಗಿರಬೇಕು. ಅವನಿಗೆ ಕಾಫಿ ಕಣ ಇರಲಿಲ್ಲ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಫೆಬ್ರವರಿ ಮಾರ್ಚಿಯಲ್ಲಿ ಹೂ ಮಳೆ ಬಂದರೆ ಕೇಡಲ್ಲ, ಅದು ಅಮೃತ. ಅದರ ಹಿಂದೆಯೇ ಬ್ಯಾಕಿಂಗ್ ಮಳೆ ಬಂದರೆ ಇನ್ನೂ ಒಳ್ಳೆಯದು. ಆದರೆ ಅದೇ ಮಳೆ ಡಿಸೆಂಬರಿನಲ್ಲಿ, ಹಣ್ಣು ಕುಯ್ದು ಕಣದ ತುಂಬ ಹರವಿರುವಾಗ, ಬೇಯಿಸಿದ ಅಡಿಕೆ ಅಟ್ಟದ ಮೇಲಿರುವಾಗ ಬಂದರೆ? ರಾತ್ರಿ ಎರಡು ಗಂಟೆಗೆ ಟಾರ್ಪಾಲಿನ ಒಂದು ತುದಿ ಹಿಡಿದು ಓಡುವ ಬೆಳೆಗಾರನಿಗೆ ಈ ಗಾದೆಯನ್ನು ಹೇಳಿ ನೋಡಿ. ಆತ ಕೊಡುವ ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಾಗುವುದಿಲ್ಲ.

ಇನ್ನು ಮಗ ಉಣ್ಣುವ ವಿಚಾರ. ಮಗ ಉಂಡರೆ ಕೇಡಲ್ಲ, ನಿಜ. ಆದರೆ ಉಣ್ಣಲಿಕ್ಕೆ ಮಗ ಮನೆಯಲ್ಲಿರಬೇಕಷ್ಟೆ. ಅವನು ಬೆಂಗಳೂರಿನಲ್ಲಿ ಹೋಟೆಲಿನಿಂದ ಮೋಟಾರ್ ಸೈಕಲ್ಲಿನ ಮೇಲೆ ತರಿಸಿಕೊಂಡು ಉಣ್ಣುತ್ತಾನೆ. ಇಲ್ಲಿ ತಾಯಿ ಎರಡು ತಟ್ಟೆ ಹಾಕಿ, ಮೂರನೆಯದನ್ನು ಅಭ್ಯಾಸಬಲದಿಂದ ತೆಗೆದು ಮತ್ತೆ ಒಳಗಿಡುತ್ತಾಳೆ. ಹಬ್ಬಕ್ಕೆ ಬಂದ ಮಗನಿಗೆ ನಾವು “ದೂರದ ಬೆಟ್ಟ ನುಣ್ಣಗೆ” ಎಂದೆವು. ಅವನು ನಗುತ್ತ, “ಹತ್ತಿರದ ಬೆಟ್ಟ ನುಣ್ಣಗಿಲ್ಲ ಅಂತ ಅದರ ಅರ್ಥ ಅಲ್ವಾ ಅಪ್ಪಾ?” ಎಂದು ಕೇಳಿದ. ಪದವೀಧರರಾದ ನಮಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ.

“ಕೈ ಕೆಸರಾದರೆ ಬಾಯಿ ಮೊಸರು” ಎಂಬುದನ್ನು ಶಾಲೆಯಲ್ಲಿ ನಾವೆಲ್ಲರೂ ಕಾಪಿ ಬರೆದವರೇ. ಕೈ ಇಂದಿಗೂ ಕೆಸರಾಗುತ್ತಿದೆ, ಅದರಲ್ಲಿ ಕೊರತೆಯಿಲ್ಲ. ಮೊಸರು ಮಾತ್ರ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ಕೊಟ್ಟಿಗೆಯಲ್ಲಿ ಎಂಟು ರಾಸು ಇದ್ದ ಮನೆಯಲ್ಲಿ ಈಗ ಒಂದು ಜೀಪು ನಿಂತಿದೆ. ಗೊಬ್ಬರವನ್ನು ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುತ್ತೇವೆ, ಮೊಸರನ್ನು ಪೇಟೆಯಿಂದ ಜೀಪಿನಲ್ಲಿ ತರುತ್ತೇವೆ, ನಡುವೆ ಕೆಸರನ್ನು ಮಾತ್ರ ಸ್ವಂತ ಉತ್ಪಾದನೆಯಾಗಿ ಉಳಿಸಿಕೊಂಡಿದ್ದೇವೆ.

ಹಾಸಿಗೆಯೂ ಕಂತಿನಲ್ಲಿ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬುದು ಸಹಕಾರ ಸಂಘದ ಕಾರ್ಯದರ್ಶಿಯಾದವನಿಗೆ ಜಪಮಂತ್ರವಿದ್ದಂತೆ. ಸಾಲದ ಅರ್ಜಿ ಹಿಡಿದು ಬಂದವರಿಗೆಲ್ಲ ನಾವು ಇದನ್ನು ಪ್ರಸಾದದಂತೆ ಹಂಚುತ್ತ ಬಂದಿದ್ದೇವೆ. ಒಮ್ಮೆ ಒಬ್ಬ ಯುವ ಸದಸ್ಯರು ಬಹಳ ವಿನಯದಿಂದ, “ಸಾರ್, ಈಗ ಹಾಸಿಗೆಯನ್ನೂ ಕಂತಿನ ಮೇಲೆ ಕೊಡ್ತಾರೆ. ಕಾಲು ಎಷ್ಟುದ್ದ ಇದೆ ಅಂತ ನೋಡಿಕೊಂಡು ಹಾಸಿಗೆ ತಗೊಂಡರಾಯ್ತು” ಎಂದರು. ಗಾದೆ ಮಾಡಿದವನು ಈ ಸೌಲಭ್ಯವನ್ನು ಕನಸಿನಲ್ಲಿಯೂ ಕಂಡಿರಲಾರ.

“ಕೂಸು ಹುಟ್ಟುವ ಮುಂಚೆ ಕುಲಾವಿ” ಎನ್ನುವುದಂತೂ ಕಾಫಿ ಬೆಳೆಗಾರನನ್ನು ಎದುರಿಗೆ ಕೂರಿಸಿಕೊಂಡೇ ಮಾಡಿದ ಗಾದೆ. ಮಾರ್ಚಿಯಲ್ಲಿ ಗಿಡವೆಲ್ಲ ಮಲ್ಲಿಗೆ ಮುಡಿದಂತೆ ಬೆಳ್ಳಗೆ ಅರಳಿ ನಿಂತಾಗ ನಾವು ತೋಟದಲ್ಲಿ ಒಂದು ಸುತ್ತು ಬಂದು ಮೂಟೆ ಎಣಿಸುತ್ತೇವೆ. ಮನೆ ಮುಟ್ಟುವುದರೊಳಗೆ ಆ ಮೂಟೆಗಳು ಮಾರಾಟವಾಗಿ, ಹೊಸ ಕಣಕ್ಕೆ ಸಿಮೆಂಟು ಬಿದ್ದು, ಮಗಳ ಮದುವೆಯೂ ಮುಗಿದಿರುತ್ತದೆ. ಬಳಿಕ ಜೂನ್ ಜುಲೈನಲ್ಲಿ ಜಡಿಮಳೆ ಹಿಡಿದು ಕಾಯಿ ಉದುರುವಾಗ, ಕುಲಾವಿಯ ಬೆಲೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಉಳಿದಿರುತ್ತದೆ.

“ಹಿತ್ತಲ ಗಿಡ ಮದ್ದಲ್ಲ” ಎಂಬುದಕ್ಕೂ ನಾವೇ ಉದಾಹರಣೆ. ಕೊಳೆರೋಗ ಎಂಬ ನಮ್ಮ ಹಿತ್ತಲ ಮಾತನ್ನು ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳೇ ಹಾಗೆಯೇ ಎತ್ತಿಕೊಂಡಿವೆ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ 1910ರಲ್ಲಿ ಈ ರೋಗದ ಬಗ್ಗೆ ಬರೆದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಮತ್ತೊಮ್ಮೆ. ಇದನ್ನು ಪಕ್ಕದ ಮನೆಯ ಅಜ್ಜ ಹೇಳಿದರೆ ನಮಗೆ ರುಚಿಸುವುದಿಲ್ಲ. ಯಾವುದೋ ದೇಶದವನು ಮೊಬೈಲಿನ ವೀಡಿಯೋದಲ್ಲಿ ಬಂದು ಹೇಳಿದರೆ ಕಣ್ಣರಳಿಸಿ ಕೇಳುತ್ತೇವೆ. ಅಷ್ಟರಲ್ಲಿ ಮಳೆ ಹಿಡಿದು, ಎಳೆಗಾಯಿ ಉದುರಿ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ದೋಣಿಯಲ್ಲಿ ಸುಣ್ಣ ಕಲಸುತ್ತ ನಿಂತಿರುತ್ತೇವೆ.

ಗಂಡ ಹೆಂಡಿರ ಗಾದೆಗಳು

ಗಾದೆಗಳಲ್ಲಿ ಒಂದು ವಿಶೇಷವನ್ನು ನಾವು ಗಮನಿಸಿದ್ದೇವೆ. ಅವು ಗಂಡ ಹೆಂಡಿರಂತೆ ಜೋಡಿಯಾಗಿ ಇರುತ್ತವೆ ಮತ್ತು ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲ. “ಗಾಳಿ ಬಂದಾಗ ತೂರಿಕೋ” ಎನ್ನುತ್ತದೆ ಒಂದು. “ತಾಳಿದವನು ಬಾಳಿಯಾನು” ಎನ್ನುತ್ತದೆ ಮತ್ತೊಂದು. ಕಾಫಿ ಮಾರಬೇಕೋ ಇಡಬೇಕೋ ಎಂದು ಕೇಳಿದರೆ ಎರಡೂ ಒಟ್ಟಿಗೆ ಬಾಯಿ ಹಾಕುತ್ತವೆ.

ನಮ್ಮ ತಂದೆಯವರ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಎಲ್ಲರೂ ಒಟ್ಟಿಗೇ ಗೊಣಗುತ್ತಿದ್ದರು. 1996ರಲ್ಲಿ ಆ ಪದ್ಧತಿ ಪೂರ್ತಿಯಾಗಿ ಕೊನೆಗೊಂಡು ಮಾರುವ ಸ್ವಾತಂತ್ರ್ಯ ಬಂದಿತು. ಅದರೊಂದಿಗೆ ತಪ್ಪು ಮಾಡುವ ಸ್ವಾತಂತ್ರ್ಯವೂ ಬಂದಿತು. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದ್ದನ್ನು ಕಂಡವರು ತಾಳುವುದನ್ನು ಕಲಿತರು. ಹಾಗೆ ಕಲಿತವರು 2000ದಿಂದ 2002ರವರೆಗೆ ಬೆಲೆ ನೆಲಕಚ್ಚಿದಾಗ ತಾಳಿ ತಾಳಿ ಗೋದಾಮಿನಲ್ಲಿಯೇ ಬಾಳಿದರು. ಆ ಪಾಠದಿಂದ ತೂರಿಕೊಳ್ಳುವುದನ್ನು ಕಲಿತವರು, ಮೊನ್ನೆ 2023-24ರಲ್ಲಿ ರೋಬಸ್ಟಾ ಬೆಲೆ ಏರತೊಡಗಿದಾಗ ಮೊದಲ ಗಾಳಿಗೇ ತೂರಿ, ಮುಂದಿನ ಗಾಳಿಯನ್ನು ಖಾಲಿ ಕಣದಲ್ಲಿ ನಿಂತು ಅನುಭವಿಸಿದರು. ಈ ಕಡೆಯ ಗುಂಪಿನಲ್ಲಿ ಈ ಸಾಲುಗಳನ್ನು ಬರೆಯುತ್ತಿರುವವರೂ ಇದ್ದರೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಈಗ ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಐದು ಊರಿನ ಧಾರಣೆ ಬಂದು ಬಿದ್ದಿರುತ್ತದೆ. ನಮ್ಮ ಊರಿನ ಧಾರಣೆಗಿಂತ ಮುಂದಿನ ಊರಿನದು ಯಾವಾಗಲೂ ನೂರು ರೂಪಾಯಿ ಹೆಚ್ಚು. ಅಲ್ಲಿನವರಿಗೆ ನಮ್ಮೂರಿನದು ಹೆಚ್ಚು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದ ಹಿರಿಯರು ಮೊಬೈಲನ್ನು ಕಾಣದೆಯೇ ಮೊಬೈಲಿಗೆ ಬೇಕಾದ ಗಾದೆಯನ್ನು ಮಾಡಿಟ್ಟು ಹೋಗಿದ್ದಾರೆ.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ಒಂದು ವಿಷಯ ಹೊಳೆಯಿತು. ಗಾದೆಯನ್ನು ಕೇಳಿ ತೀರ್ಮಾನ ಮಾಡುವವರು ಯಾರೂ ಇಲ್ಲ. ಮೊದಲು ತೀರ್ಮಾನ ಮಾಡಿಕೊಂಡು, ಆಮೇಲೆ ಅದಕ್ಕೆ ಹೊಂದುವ ಗಾದೆಯನ್ನು ಅಟ್ಟದಿಂದ ಇಳಿಸುತ್ತೇವೆ. ಅದೂ ಹೆಚ್ಚಾಗಿ ಇನ್ನೊಬ್ಬರಿಗಾಗಿ. ಔಷಧಿಯನ್ನು ಸ್ವಂತ ತೋಟಕ್ಕೆ ಹೊಡೆಯುವ ನಾವು ಗಾದೆಯನ್ನು ಮಾತ್ರ ಬೇಲಿಯಾಚೆಗೆ ಸಿಂಪಡಿಸುತ್ತೇವೆ.

ಆನೆ ಮತ್ತು ಅಡಿಕೆ

ಈಗ ನಮ್ಮವರದೇ ಆದ ಗಾದೆಗೆ ಬರೋಣ. “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.” ಇದರಲ್ಲಿ ಅಡಿಕೆ ಎಂದರೆ ಅಲ್ಪ, ಆನೆ ಎಂದರೆ ಅಪಾರ. ಕಾಲ ಎರಡನ್ನೂ ಅದಲುಬದಲು ಮಾಡಿದೆ. ಇಂದಿನ ಧಾರಣೆಯಲ್ಲಿ ಅಡಿಕೆಯನ್ನು ಅಲ್ಪವೆನ್ನುವ ಧೈರ್ಯ ಯಾರಿಗೂ ಇಲ್ಲ. ಇನ್ನು ಆನೆಯನ್ನು ಯಾರೂ ಕೊಡಬೇಕಾಗಿಲ್ಲ; ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಡಗಿನ ತೋಟಗಳಿಗೆ ಅದು ಕೇಳದೆಯೇ ಬರುತ್ತದೆ, ಆನೆ ನಡೆದದ್ದೇ ದಾರಿಯಾಗುತ್ತದೆ. ಕೆಲಸಕ್ಕೆಂದು ತೋಟಕ್ಕೆ ಹೋದವರು ಮನೆಗೆ ಹಿಂತಿರುಗದಿದ್ದ ಸಂಸಾರಗಳೂ ಅಲ್ಲಿವೆ. ಆದುದರಿಂದ ಈ ಮಾತಿನಲ್ಲಿ ನಗುವುದನ್ನು ಇಲ್ಲಿಗೇ ನಿಲ್ಲಿಸುತ್ತೇವೆ.

ಉಳಿದದ್ದು ಮಾನ. ಅದರ ಬಗ್ಗೆ ಒಂದು ಪ್ರಸಂಗವನ್ನು ಹೇಳಬೇಕಾಗಿದೆ.

ಕೆಲವು ಸುಗ್ಗಿಗಳ ಹಿಂದೆ ನಮ್ಮ ಸಂಘದ ಮೂಲಕ ಹೋದ ರಾಶಿ ಅಡಿಕೆಯ ಒಂದು ಲಾಟಿನಲ್ಲಿ ಹಸಿ ಮಾಲು ಸೇರಿ, ಕೊಂಡವರ ಗೋದಾಮಿನಲ್ಲಿ ಬೂಷ್ಟು ಹಿಡಿಯಿತು. ದೂರು ಬಂದಿತು. ಯಾರ ಮೂಟೆಯೆಂಬುದು ಚೀಟಿಯಿಂದ ತಿಳಿಯಿತು. ಆ ವಾರವೇ ಬೆಳೆಗಾರರ ಸಭೆ ಇತ್ತು. ನಾವು ಎದ್ದು ನಿಂತು, ಹೆಸರು ಹೇಳದೆ, ಆದರೆ ಎಲ್ಲರಿಗೂ ಅರ್ಥವಾಗುವಂತೆ, ಅಡಿಕೆಗೆ ಹೋದ ಮಾನದ ಗಾದೆಯನ್ನು ಹೇಳಿದೆವು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರಿಂದ ಹಿಡಿದು, ಅಡಿಕೆಯ ಬೆಲೆ ಕುಸಿದಿದ್ದ ದಿನಗಳಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದರವರೆಗೆ ವಿವರಿಸಿ, ಒಬ್ಬನ ಮೂಟೆ ಎಲ್ಲರ ಹೆಸರನ್ನು ಕೆಡಿಸುತ್ತದೆ ಎಂದು ಭಾಷಣ ಮಾಡಿದೆವು. ಚಪ್ಪಾಳೆಯೂ ಬಿದ್ದಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಆ ಸದಸ್ಯರು ತಲೆ ತಗ್ಗಿಸಿಕೊಂಡು ಕಾಫಿಯನ್ನೂ ಕುಡಿಯದೆ ಹೋದರು.

ಮೂರು ವಾರ ಕಳೆಯಿತು. ಮಧ್ಯೆ ನಾಲ್ಕು ದಿನ ಮೋಡ ಕವಿದು ಜಿನುಗು ಮಳೆ. ನಾವು ಸಂಘದ ಕೆಲಸದ ಮೇಲೆ ಜಿಲ್ಲಾ ಕೇಂದ್ರಕ್ಕೆ ಓಡಾಡುತ್ತಿದ್ದೆವು. ಮನೆಯಾಕೆ ಎರಡು ಬಾರಿ, “ಅಡಿಕೆ ಇನ್ನೂ ಒಣಗಿಲ್ಲ, ಒಮ್ಮೆ ಅಂಗಳಕ್ಕೆ ಇಳಿದು ನೋಡಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿಮ್ಮನ್ನು ನೋಡಿಯೇ ಹೇಳಿದ್ದು” ಎಂದರು. ಅಷ್ಟರಲ್ಲಿ ಮೊಬೈಲಿನಲ್ಲಿ ಧಾರಣೆ ಏರಿದ ಸುದ್ದಿ ಬಂದಿತು. ಗಾಳಿ ಬಂದಾಗ ತೂರಿಕೋ ಎಂದು ನಮಗೆ ನಾವೇ ಹೇಳಿಕೊಂಡು ಮೂಟೆ ಕಟ್ಟಿಸಿ ಸಂಘಕ್ಕೆ ಕಳಿಸಿದೆವು.

ಸಂಘದ ಅಂಗಳದಲ್ಲಿ ತೂಕ ಮಾಡುವ ಹಿರಿಯರು ನಮಗಿಂತ ಮೊದಲಿನಿಂದ ಅಲ್ಲಿರುವವರು. ಮೂರನೆಯ ಮೂಟೆಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು, ಉಜ್ಜಿ ನೋಡಿ, ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿದರು. ಮತ್ತೆ ನಾಲ್ಕನೆಯದಕ್ಕೂ ಕೈ ಹಾಕಿದರು. ಆಮೇಲೆ ನಮ್ಮ ಹತ್ತಿರ ಬಂದು ಮೆಲ್ಲಗೆ, “ಅಯ್ಯಾ, ಇದು ಇನ್ನೂ ಮೂರು ಬಿಸಿಲು ಕೇಳ್ತದೆ. ಎರಡೇ ಮೂಟೆ. ಅಡಿಗೆ ಹಾಕಿಬಿಡ್ಲಾ? ಯಾರಿಗೂ ಗೊತ್ತಾಗೋದಿಲ್ಲ” ಎಂದರು. ಅವರು ಹಾಗೆ ಕೇಳಿದ್ದು ನಮ್ಮ ಮೇಲಿನ ಪ್ರೀತಿಯಿಂದಲೇ ಎಂಬುದು ನಮಗೆ ಗೊತ್ತು.

“ಮಾತು ಬೆಳ್ಳಿ, ಮೌನ ಬಂಗಾರ” ಎಂಬ ಗಾದೆ ಆ ಕ್ಷಣದಲ್ಲಿ ನಮಗೆ ಬಹಳ ಹಿಡಿಸಿತು. ಒಂದು ಮಾತನ್ನೂ ಆಡಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ನೆನಪಿಲ್ಲ. ತಲೆ ಎತ್ತಿದಾಗ, ಸಭೆಯಲ್ಲಿ ತಲೆ ತಗ್ಗಿಸಿದ್ದ ಆ ಸದಸ್ಯರು ತಮ್ಮ ಮೂಟೆಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ನೆಲದ ಮೇಲೆ ಸೀಳಿ ಬಿದ್ದಿದ್ದ ಅಡಿಕೆಯನ್ನೂ ನಮ್ಮ ಮುಖವನ್ನೂ ನೋಡಿದರು.

ನಾವು ಒಂದು ಗಾದೆಯನ್ನು ನಿರೀಕ್ಷಿಸಿದೆವು. ಆ ಗಾದೆಯನ್ನು ನಾವೇ ಅವರಿಗೆ ಕೊಟ್ಟಿದ್ದೆವಲ್ಲ. ಅವರು ಅದನ್ನು ಹೇಳಲಿಲ್ಲ. “ಅಣ್ಣಾ, ನಮ್ಮನೆ ಅಂಗಳಕ್ಕೆ ಪ್ಲಾಸ್ಟಿಕ್ ಮಾಡು ಹಾಕ್ಸಿದೀನಿ. ನಮ್ದು ಒಣಗಿ ಆಯ್ತು, ಜಾಗ ಖಾಲಿ ಇದೆ. ನಿಮ್ಮ ಮೂಟೆ ಅಲ್ಲಿಗೇ ಇಳಿಸಿಬಿಡಿ” ಎಂದರು, ಅಷ್ಟೇ.

ಆ ಸಂಜೆ ಮೂಟೆ ಇಳಿಸಲು ಅವರ ಮನೆಗೆ ಹೋದಾಗ ತಿಳಿಯಿತು. ಅವರ ಅಡಿಕೆ ಹಸಿ ಇದ್ದ ಆ ತಿಂಗಳು ಅವರ ಮನೆಯವರು ಆಸ್ಪತ್ರೆಯಲ್ಲಿದ್ದರು. ಹಗಲು ಕೊಯ್ಲು, ರಾತ್ರಿ ಆಸ್ಪತ್ರೆ. ಆಸ್ಪತ್ರೆಗೆ ಕಟ್ಟಲು ಹಣ ಬೇಕಾಗಿ ಮೂಟೆಯನ್ನು ಬೇಗ ಕಳಿಸಿದ್ದರು. ನಮ್ಮ ಮನೆಯಿಂದ ಅವರ ಮನೆಗೆ ಒಂದು ಗುಡ್ಡದ ಅಂತರ. ಗಾದೆ ಹೇಳುವ ಮೊದಲು “ಏನಾಯಿತು?” ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾವು ಕೇಳಿರಲಿಲ್ಲ. ಅವರು ಮಾಡಿದ್ದು ಸರಿಯೆಂದು ನಾವು ಹೇಳುತ್ತಿಲ್ಲ; ಹಸಿ ಅಡಿಕೆ ಹಸಿಯೇ. ಆದರೆ ಅವರದು ಕಷ್ಟಕ್ಕೆ ಆದ ತಪ್ಪು, ನಮ್ಮದು ಆಸೆಗೆ ಆದ ತಪ್ಪು. ಭಾಷಣ ಮಾತ್ರ ಅವರಿಗೆ ಆಗಿತ್ತು.

ಮುಂದಿನ ಸಭೆಯಲ್ಲಿ ನಾವು ಈ ವಿಷಯವನ್ನು ಎದ್ದು ನಿಂತು ಹೇಳಿದೆವು. ನಮ್ಮ ಎರಡು ಮೂಟೆ ಹಿಂತಿರುಗಿದ್ದನ್ನು ಸಂಘದ ಪುಸ್ತಕದಲ್ಲಿ ನಮ್ಮ ಕೈಯಿಂದಲೇ ಬರೆದೆವು. ಈ ಬಾರಿ ಚಪ್ಪಾಳೆ ಬೀಳಲಿಲ್ಲ. ಆದರೆ ಆ ಸದಸ್ಯರು ಕಾಫಿ ಕುಡಿದು ಹೋದರು. ಅಂದಿನಿಂದ ಪ್ರತಿ ಸುಗ್ಗಿಯಲ್ಲಿಯೂ ಸಂಘದಲ್ಲಿ ಮೊದಲು ಬಿಚ್ಚಿ ನೋಡುವ ಮೂಟೆ ಕಾರ್ಯದರ್ಶಿಯದೇ ಆಗಿರಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಮನೆಯಾಕೆ ಈಗ ಎರಡನೆಯ ಬಾರಿ ಹೇಳಬೇಕಾಗಿ ಬರುವುದಿಲ್ಲ.

ಬೋರ್ಡೋ ದ್ರಾವಣ ಕಲಸಿದ ಮೇಲೆ ನಾವೆಲ್ಲ ಒಂದು ಪರೀಕ್ಷೆ ಮಾಡುತ್ತೇವೆ. ತಿಕ್ಕಿ ಹೊಳಪಾದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ದ್ರಾವಣ ಗೊನೆಯನ್ನು ಸುಡುತ್ತದೆ ಎಂದರ್ಥ. ಇನ್ನಷ್ಟು ಸುಣ್ಣ ಬೆರೆಸಿ ಆಮೇಲೆ ಮರಕ್ಕೆ ಹೊಡೆಯುತ್ತೇವೆ. ಗಾದೆಯನ್ನೂ ಹಾಗೆಯೇ ಮೊದಲು ನಮ್ಮ ನಮ್ಮ ಕತ್ತಿಗೆ ಅದ್ದಿ ನೋಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಗಾದೆ ಸುಳ್ಳಲ್ಲ. ಅದನ್ನು ಯಾರಿಗೆ, ಯಾವಾಗ, ಎಷ್ಟು ಸುಣ್ಣ ಬೆರೆಸಿ ಹೇಳಬೇಕು ಎಂಬುದನ್ನು ಗಾದೆ ಮಾಡಿದ ಹಿರಿಯರು ನಮ್ಮ ವಿವೇಚನೆಗೆ ಬಿಟ್ಟು ಹೋಗಿದ್ದಾರೆ.

ಕೊನೆಯದಾಗಿ ಒಂದು ಸೂಚನೆ. ಬಾಕಿ ಇರುವ ಸದಸ್ಯರಿಗೆ ನೋಟೀಸು ಎಂದಿನಂತೆ ಮಾರ್ಚಿಗೆ ಮೊದಲೇ ತಲುಪುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ನಾವು ಅದರ ಅಡಿಯಲ್ಲಿ ಬರೆಯುತ್ತಿದ್ದ ವಾಕ್ಯ ಈಗ ಇರುವುದಿಲ್ಲ. ಅದರ ಬದಲು “ಏನಾಯಿತು? ಒಮ್ಮೆ ಬಂದು ಹೇಳಿ” ಎಂದು ಕೈಯಲ್ಲಿ ಬರೆದಿರುತ್ತೇವೆ. ದಯವಿಟ್ಟು ಬನ್ನಿ. ಬರುವಾಗ ಸಾಧ್ಯವಾದರೆ ಒಂದು ಕಂತನ್ನೂ ತನ್ನಿ.